ಗುಬ್ಬಿ ಸೆರಗು, ಎರಡು ಜಿಬಿ ಮೆಮೊರಿ

ಕಳೆದ ವಾರ ಒಂದು ಹತ್ತಿ ಸೀರೆಗೆ ಗಂಜಿ ಹಾಕೋಣವೆಂದು ಮೈದಾ ಹಿಟ್ಟು ಕದಡಿ ಒಲೆಯ ಮೇಲಿಟ್ಟಿದ್ದೆ. ಫೋನು ಬಂತು, ಮಾತಿಗೆ ನಿಂತೆ, ಗಂಜಿ ತಳ ಹಿಡಿಯಿತು. ಬೆಂದ ಹಿಟ್ಟಿನ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನನ್ನು ನಾನೇ ಬಯ್ದುಕೊಳ್ಳುವುದನ್ನೂ ಮರೆತು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟೆ. ಬನಹಟ್ಟಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯ ಕಾಕು ಹತ್ತಿರ ಬಂದರೆ ಇದೇ ವಾಸನೆ ಬರುತ್ತಿತ್ತು. ನೂಲಿಗೆ ಹಚ್ಚಿದ ಗಂಜಿ, ಮಗ್ಗದ ಎಣ್ಣೆ, ಸ್ವಲ್ಪ ವಿಭೂತಿ...

ಅವರು ನಮಗೆ ಸಂಬಂಧಿಕರೇನಲ್ಲ. ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬೀಳಗಿಯಿಂದ ಮದುವೆಯಾಗಿ ಬಂದ ಮೊದಲ ದಿನ ಗೋಡೆಯಾಚೆ ಯಾರೋ ಜೋರಾಗಿ ಜಗಳ ತೆಗೆದಂತೆ ಕೇಳಿ ನಾನು ಹೆದರಿದ್ದೆ. ಆಮೇಲೆ ಗೊತ್ತಾಯಿತು, ಅವರು ನಮ್ಮ ಅತ್ತೆಯನ್ನು ಕರಿಬೇವು ಇದೆಯೇ ಎಂದು ಕೇಳುತ್ತಿದ್ದರಂತೆ. ನಾಲ್ಕು ಪವರ್‌ಲೂಮ್‌ಗಳ ಸಪ್ಪಳದ ಮೇಲೆ ದನಿ ಏರಿಸಿ ಮಾತಾಡಿ ಮಾತಾಡಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗುಟ್ಟು ಹೇಳಬೇಕಾದರೆ ಕೈಸನ್ನೆ ಮಾಡುತ್ತಿದ್ದರು, ಅದಂತೂ ಇಡೀ ಓಣಿಗೆ ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಮಗ್ಗಗಳನ್ನು ಅವರೇ ನಡೆಸಿದ್ದರು. ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಿತ್ತು. ಒಬ್ಬಳು ಮುಧೋಳದಲ್ಲಿ, ಇನ್ನೊಬ್ಬಳು ಅಲ್ಲೇ ಎರಡು ಓಣಿ ದಾಟಿ. ನೇಯುವುದರ ಜೊತೆ ಕಾಕುಗೆ ಇನ್ನೊಂದು ಹುಚ್ಚಿತ್ತು. ಚೌಕುಳಿ ಗೆರೆಯ ಕಾಗದದ ಮೇಲೆ ಸೆರಗಿನ ನಕ್ಷೆ ಬರೆಯುವುದು. ಒಂದೊಂದು ಚೌಕವನ್ನು ಪೆನ್ಸಿಲಿನಿಂದ ತುಂಬುತ್ತ ಹೋಗುತ್ತಿದ್ದರು. ಅವರ ನಕ್ಷೆಯ ನವಿಲು, ಕಳಸ, ಮಾವಿನಕಾಯಿ ಹೊತ್ತ ಸೀರೆಗಳು ಎಲ್ಲೆಲ್ಲಿಗೋ ಹೋಗಿವೆ. ಅವರ ಮೈಮೇಲೆ ಮಾತ್ರ ಸದಾ ಪೇಟೆಯ ಪಾಲಿಯೆಸ್ಟರ್ ಸೀರೆ. ಸಾವುಕಾರರು ನೂಲು ಕೊಡುತ್ತಿದ್ದರು, ಇವರು ನೇಯ್ದು ಮಡಚಿ ತಿರುಗಿ ಕೊಡುತ್ತಿದ್ದರು. ನೇಯ್ದದ್ದು ಕೊಡಲಿಕ್ಕೆ, ಉಡಲಿಕ್ಕಲ್ಲ ಎಂಬುದು ಅವರ ಮನೆಯ ರೂಢಿ. ಅದರಲ್ಲಿ ಅವರಿಗೆ ಬೇಸರವೂ ಇದ್ದಂತೆ ಕಾಣಲಿಲ್ಲ.

ಆದರೆ ಒಂದು ನಕ್ಷೆಯ ವಿಷಯದಲ್ಲಿ ಇತ್ತು. ಹೊಸದಾಗಿ ಬರೆಯಲು ಕಲಿತಾಗ ಮಾಡಿದ್ದಂತೆ. ಬಾಗಿದ ಜೋಳದ ತೆನೆಗಳು, ಒಂದೊಂದು ತೆನೆಯ ಮೇಲೂ ಒಂದು ಗುಬ್ಬಿ. ಒಂದು ಗುಬ್ಬಿ ಕಾಳು ಕುಕ್ಕುತ್ತಿದೆ, ಮುಂದಿನದು ತಲೆಯೆತ್ತಿ ಯಾರಾದರೂ ಬಂದರೇ ಎಂದು ನೋಡುತ್ತಿದೆ. ಸಾವುಕಾರರಿಗೆ ತೋರಿಸಿದಾಗ ನವಿಲಾದರೆ ಹೋಗುತ್ತದೆ, ಗುಬ್ಬಿಯನ್ನು ಯಾರು ಉಡುತ್ತಾರೆ ಎಂದು ನಕ್ಕು ತಿರುಗಿ ಕೊಟ್ಟಿದ್ದರಂತೆ. ಅಂದಿನಿಂದ ಆ ಕಾಗದಗಳು ಟ್ರಂಕಿನ ತಳದಲ್ಲಿ ಇದ್ದವು, ಒಮ್ಮೆಯೂ ಮಗ್ಗಕ್ಕೆ ಏರಿರಲಿಲ್ಲ.

ಏಳೆಂಟು ವರ್ಷದ ಹಿಂದೆ ಕಾಕುಗೆ ಮೊಣಕಾಲು ನೋವು ಹೆಚ್ಚಾಯಿತು. ಮಗ್ಗ ಮಾರಿಬಿಡುತ್ತೇನೆ ಎಂದು ಒಂದು ದಿನ ಗೋಡೆಯಾಚೆಯಿಂದಲೇ ಸಾರಿದರು. ಕೊಳ್ಳುವವರೂ ಸಿಕ್ಕರು, ಮೂರು ತಿಂಗಳು ಬಿಟ್ಟು ಒಂದು ಸೋಮವಾರ ಟೆಂಪೊ ತರುತ್ತೇವೆ ಎಂದು ದಿನವೂ ನಿಗದಿಯಾಯಿತು. ಅದಕ್ಕೆ ಮೊದಲು ಅವರಿಗೆ ಒಂದೇ ಆಸೆ. ತಾವೇ ನೂಲು ತಂದು, ಒಂದು ಸೀರೆಗಾಗುವಷ್ಟು ಉದ್ದೆಳೆಗಳ ಹಾಸು ಹಾಕಿ, ಗುಬ್ಬಿ ಸೆರಗು ನೇಯ್ದು, ತಾವೇ ಉಡಬೇಕು.

ನಾಲ್ಕರಲ್ಲಿ ಒಂದು ಮಗ್ಗಕ್ಕೆ ಕಂಪ್ಯೂಟರ್ ಜಕಾರ್ಡ್ ಇತ್ತು. ಪೆನ್‌ಡ್ರೈವಿನಲ್ಲಿ ನಕ್ಷೆಯ ಫೈಲು ಕೊಟ್ಟರೆ ಅದೇ ಎಳೆ ಎತ್ತಿ ನೇಯುತ್ತದೆ. ಆದರೆ ಕಾಗದದ ನಕ್ಷೆಯನ್ನು ಅಂಥ ಫೈಲು ಮಾಡಿಕೊಡುತ್ತಿದ್ದ ಅಂಗಡಿಯವರು ಕೆಲಸ ಬಿಟ್ಟಿದ್ದರು. ನಾನೋ ಜಮಖಂಡಿಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುವವಳು, ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ನನ್ನ ಬಾಯಿ ಸುಮ್ಮನಿರಬೇಕಲ್ಲ? ಅದೇನು ದೊಡ್ಡ ಮಾತು ಕಾಕು, ನಾನು ಮಾಡಿಕೊಡುತ್ತೇನೆ ಎಂದುಬಿಟ್ಟೆ.

ನನ್ನ ಹಳೆಯ ಕಂಪ್ಯೂಟರನ್ನು ಅವರ ಪಡಸಾಲೆಗೆ ಒಯ್ದು ಇಟ್ಟೆವು. ಎರಡು ತಿಂಗಳು ಸಂಜೆ ಸಂಜೆ ಅವರು ಕನ್ನಡಕ ಏರಿಸಿ ಸಾಲು ಸಾಲಾಗಿ ಚೌಕ ಎಣಿಸಿ ಹೇಳುವುದು, ನಾನು ತೆರೆಯ ಮೇಲೆ ಒಂದೊಂದೇ ಚುಕ್ಕಿ ತುಂಬುವುದು. ಚಿತ್ರ ಸಿದ್ಧವಾಯಿತು. ಇನ್ನು ಅದನ್ನು ಮಗ್ಗ ಓದುವ ಫೈಲಾಗಿ ಬದಲಿಸುವ ಪ್ರೋಗ್ರಾಮು ಬೇಕು. ಯಾವುದೋ ದೇಶದ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ್ದು ಒಂದು ಸಿಕ್ಕಿತು. ಸಿದ್ಧವಾಗಿ ಸಿಗುವುದು ನನ್ನ ಹಳೆಯ ಯಂತ್ರದಲ್ಲಿ ಓಡಲಿಲ್ಲ. ಅದರ ಸೋರ್ಸ್ ಕೋಡ್ ಇಳಿಸಿಕೊಂಡು ಇಲ್ಲಿಯೇ ಕಂಪೈಲ್ ಮಾಡಬೇಕು, ಅಂದರೆ ಮನುಷ್ಯರು ಬರೆದಿಟ್ಟ ಸಾವಿರಾರು ಪುಟಗಳನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ಇಲ್ಲೇ ತಿರುಗಿಸಿ, ಕೊನೆಗೆ ಎಲ್ಲ ತುಂಡುಗಳನ್ನೂ ಜೋಡಿಸಿ ಒಂದು ಮಾಡಬೇಕು. ನಾನು ಅದನ್ನು ಟೆಂಪೊ ಬರುವ ಸೋಮವಾರದ ಹಿಂದಿನ ಶುಕ್ರವಾರಕ್ಕೆ ಇಟ್ಟುಕೊಂಡೆ. ಮೂರು ದಿನ ಸಾಲಾಗಿ ರಜೆ ಇತ್ತು. ಕಾಕು ಅಷ್ಟರಲ್ಲಿ ಸೀರೆಯ ಒಡಲು ನೇಯ್ದು ಮುಗಿಸಿ, ಸೆರಗು ಶುರುವಾಗುವಲ್ಲಿ ಮಗ್ಗ ನಿಲ್ಲಿಸಿದ್ದರು.

ಶುಕ್ರವಾರ ಬೆಳಿಗ್ಗೆ ಆಜ್ಞೆ ಕೊಟ್ಟು ಕೂತೆ. ತೆರೆಯ ಮೇಲೆ ಸಾಲುಗಳು ಸರಸರನೆ ಓಡಿದವು. ನೂರಕ್ಕೆ ಮೂವತ್ತೇಳು ಆಯಿತು, ನಿಂತಿತು. ಕೊನೆಯಲ್ಲಿ ಒಂದೇ ಶಬ್ದ, ಕಿಲ್ಡ್. ಯಾಕೆ, ಏನು ಎಂಬ ವಿವರಣೆಯಿಲ್ಲ. ಅರ್ಥವೇನೆಂದು ಕಾಕು ಕೇಳಿದರು, ಕೊಂದು ಹಾಕಿದೆ ಎಂದೆ. ಯಾರನ್ನ ಕೊಂತು ಎಂದು ಅವರು ಗಾಬರಿಯಾಗಿ ಎದ್ದು ಯಂತ್ರದ ಹಿಂದೆ ಬಗ್ಗಿ ನೋಡಿದರು.

ನನಗೆ ಸಿಟ್ಟು ಬೇಗ ಬರುತ್ತದೆ, ಬಂದಾಗ ಬುದ್ಧಿ ಆಚೆ ಹೋಗುತ್ತದೆ. ಆಗಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಮೂವತ್ತೊಂಬತ್ತಕ್ಕೆ ನಿಂತಿತು. ಮತ್ತೆ ಅಳಿಸಿದೆ. ಮೂವತ್ತಾರಕ್ಕೇ ನಿಂತಿತು. ಯಂತ್ರ ಕಾದಿದೆ ಎಂದು ಕಾಕು ತಮ್ಮ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದರು, ನಮ್ಮಿಬ್ಬರಿಗೂ ಬೆವರು ಹರಿಯಿತೇ ಹೊರತು ಅದಕ್ಕೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಯಂತ್ರದ ಹಣೆಯ ಮೇಲೆ ಮೂರು ಪಟ್ಟಿ ವಿಭೂತಿ. ಅದರಿಂದಲೂ ಏನೂ ಆಗಲಿಲ್ಲ, ಆದರೆ ಬಯ್ಯಲು ಬಾಯಿ ತೆಗೆದವಳಿಗೆ ಸ್ವಲ್ಪ ಸಂಕೋಚವಾಯಿತು.

ಶನಿವಾರ ಸಿಟ್ಟು ಬಿಟ್ಟು ಯಂತ್ರದ ಒಳಗಿನ ದಾಖಲೆ ತೆಗೆದು ಓದಿದೆ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮೆಮೊರಿ ಮುಗಿದಿದೆ, ಬೇರೆ ದಾರಿಯಿಲ್ಲದೆ ಹೆಚ್ಚು ಜಾಗ ತಿನ್ನುತ್ತಿದ್ದವನನ್ನು ಕೊಂದೆ ಎಂದು. ಮೆಮೊರಿ ಎಂದರೆ ಯಂತ್ರ ಕೆಲಸ ಮಾಡುವಾಗ ಸಾಮಾನು ಹರವಿಕೊಳ್ಳುವ ಜಾಗ. ನನ್ನದರಲ್ಲಿ ಇದ್ದದ್ದು ಎರಡೇ ಜಿಬಿ. ನಾನು ಬೇಗ ಆಗಲಿ ಎಂಬ ಆಸೆಗೆ ಇಂಟರ್‌ನೆಟ್ಟಿನಲ್ಲಿ ಕಂಡ ಆಜ್ಞೆಯನ್ನೇ ನಕಲು ಮಾಡಿ, ಒಂದೇ ಸಲಕ್ಕೆ ನಾಲ್ಕು ಕಡತಗಳನ್ನು ಕಂಪೈಲ್ ಮಾಡು ಎಂದು ಹೇಳಿದ್ದೆ. ನಾಲ್ಕೂ ಒಟ್ಟಿಗೆ ಹರವಿಕೊಂಡು ಕೂತಿದ್ದವು. ಇದನ್ನು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳಿದ್ದೇನೆ. ಒಂದೊಂದೇ ಮಾಡು ಎಂದು ಆಜ್ಞೆ ತಿದ್ದಿದೆ, ತೆರೆದಿಟ್ಟಿದ್ದ ಬೇರೆಲ್ಲ ಕಿಟಕಿ ಮುಚ್ಚಿದೆ. ಇನ್ನು ಎಂದಿನಂತೆ ಆದದ್ದನ್ನೆಲ್ಲ ಅಳಿಸಬೇಕು ಎನ್ನುವಷ್ಟರಲ್ಲಿ ಕಾಕು ಏನು ಮಾಡುತ್ತಿದ್ದೀ ಎಂದು ಕೇಳಿದರು. ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಎಳಿ ಹರದ್ರ ಗಂಟ ಹಾಕಿ ಮುಂದ ಹೋಗ್ತಾರ ತಂಗಿ. ಒಂದ ಎಳಿ ಹರೀತಂತ ಇಡೀ ಸೀರಿ ಕತ್ತರಿಸಿ ಒಗಿತಾರನ?"

ನಾಚಿಕೆಯಾಯಿತು. ಕಂಪೈಲ್ ಮಾಡುವ ಪ್ರೋಗ್ರಾಮಿಗೆ ನಿಂತಲ್ಲಿಂದ ಮುಂದೆ ಹೋಗುವ ಬುದ್ಧಿ ಮೊದಲೇ ಇದೆ. ಅಳಿಸುತ್ತಿದ್ದವಳು ನಾನು. ಎರಡು ದಿನದಿಂದ ಮೂವತ್ತೇಳರ ಸುತ್ತ ನಾನೇ ನನ್ನನ್ನು ಗಾಣಕ್ಕೆ ಕಟ್ಟಿಕೊಂಡಿದ್ದೆ. ಈ ಸಲ ಅಳಿಸಲಿಲ್ಲ, ಸುಮ್ಮನೆ ಮುಂದುವರಿಸಿದೆ. ಆಮೆಯ ಹಾಗೆ ನಡೆಯಿತು, ನಿಲ್ಲಲಿಲ್ಲ. ನಡುವೆ ಕರೆಂಟು ಹೋಯಿತು, ಬಂತು, ಕೆಲಸ ನಿಂತಲ್ಲಿಂದಲೇ ಮತ್ತೆ ಹೊರಟಿತು. ಐವತ್ತು ದಾಟಿದಾಗ ಕಾಕು ಚಹಾ ಮಾಡಿದರು, ಎಪ್ಪತ್ತಕ್ಕೆ ಖಾರ ಹಚ್ಚಿದ ಚುರುಮುರಿ ಬಂತು.

ಭಾನುವಾರ ಬೆಳಿಗ್ಗೆ ಎಲ್ಲ ತುಂಡುಗಳೂ ಮುಗಿದು, ತೊಂಬತ್ತೆಂಟಕ್ಕೆ ಬಂದು, ಕೊನೆಯ ಜೋಡಣೆಯ ಹೆಜ್ಜೆಯಲ್ಲಿ ನಿಂತಿತು. ಅದೇ ಶಬ್ದ, ಕಿಲ್ಡ್. ಈಗ ಕೆಲಸ ಒಂದೇ ನಡೆದಿತ್ತು, ಇನ್ನು ಕಡಿಮೆ ಮಾಡಲು ಏನೂ ಉಳಿದಿರಲಿಲ್ಲ. ಮತ್ತೆ ಮಾಡಿದೆ, ಮತ್ತೆ ಕೊಂದಿತು. ಮೆಮೊರಿ ಹೆಚ್ಚಿಸೋಣವೆಂದರೆ ಈ ಹಳೆಯ ಯಂತ್ರಕ್ಕೆ ಹೊಂದುವ ಬಿಲ್ಲೆ ಭಾನುವಾರ ಎಲ್ಲಿ ಸಿಗಬೇಕು? ಜಮಖಂಡಿಯಲ್ಲಿ ಅಂಗಡಿ ಮುಚ್ಚಿದ್ದವು, ನಮ್ಮ ಕೇಂದ್ರದ ಕೀಲಿ ಇದ್ದ ಮಾಲೀಕರು ಊರಲ್ಲಿರಲಿಲ್ಲ. ಮಗ್ಗದ ಮೇಲೆ ಸೆರಗಿಲ್ಲದ ಸೀರೆ ಹಾಗೇ ಕಾದಿತ್ತು. ಮರುದಿನ ಬೆಳಗಾದರೆ ಟೆಂಪೊ.

ನಾನು ಕುರ್ಚಿ ಬಿಟ್ಟು ನೆಲದ ಮೇಲೆ ಕೂತೆ. ಆಗುವುದಿಲ್ಲ ಕಾಕು, ಇದರಲ್ಲಿ ಜಾಗ ಸಾಲುವುದಿಲ್ಲ, ಸೆರಗಿಗೆ ಸಾದಾ ಪಟ್ಟಿ ಹಾಕಿ ಮುಗಿಸಿರಿ ಎಂದೆ. ಬಡಾಯಿ ಕೊಚ್ಚಿದವಳು ನಾನು, ಕಳೆದುಕೊಳ್ಳುವವರು ಅವರು. ಅವರು ಬೇಸರ ತೋರಿಸಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ, ಎಷ್ಟು ಜಾಗ ಬೇಕು, ಇರುವುದೆಷ್ಟು ಎಂದು ಒಂದೊಂದೇ ಕೇಳಿದರು. ಕೆಲಸ ಮಾಡುವ ಜಾಗ ಸಣ್ಣದು, ಸಾಮಾನು ಇಟ್ಟುಕೊಳ್ಳುವ ಜಾಗ ಅಂದರೆ ಹಾರ್ಡ್‌ಡಿಸ್ಕು ಬೇಕಾದಷ್ಟಿದೆ, ಆದರೆ ಅದು ಬಹಳ ನಿಧಾನ ಎಂದೆ.

"ಮನ್ಯಾಗ ಜಾಗಾ ಸಾಲಲಿಲ್ಲಂದ್ರ ಓಣಿಗಿ ತರಬೇಕವಾ. ನಾವೆಲ್ಲಾ ಹಾಸು ಎಲ್ಲಿ ಚಾಚತಿದ್ವಿ ಅಂತ ತಿಳದಿ?"

ಮೊದಲು ನನಗೆ ರೇಗಿತು. ಇಲ್ಲಿ ಕೆಲಸ ಕೆಟ್ಟು ಕೂತಿದೆ, ಇವರಿಗೆ ಹಳೆಯ ಕಥೆ. ಕೈಮಗ್ಗದ ಕಾಲದಲ್ಲಿ ಅವರ ಮನೆ ಎರಡೇ ಖೋಲಿ. ಅಷ್ಟುದ್ದದ ಹಾಸನ್ನು ಒಳಗೆ ಬಿಚ್ಚಲು ಆಗುತ್ತಿರಲಿಲ್ಲ. ಬೆಳಿಗ್ಗೆ ಓಣಿಯ ಈ ತುದಿಯಿಂದ ಆ ತುದಿಗೆ ಗೂಟ ನೆಟ್ಟು ನೂಲು ಚಾಚಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ, ಒಣಗಿಸಿ, ಸುತ್ತಿಕೊಂಡು ಒಳಗೆ ತರುತ್ತಿದ್ದರು. ಅಷ್ಟು ಹೊತ್ತು ಓಣಿಯವರೆಲ್ಲ ಬಗ್ಗಿ ದಾಟುತ್ತಿದ್ದರು, ಚಕ್ಕಡಿಗಳು ಸುತ್ತು ಹಾಕಿ ಹೋಗುತ್ತಿದ್ದವು, ಯಾರೂ ತಕರಾರು ಮಾಡುತ್ತಿರಲಿಲ್ಲ. ನಾಳೆ ಅವರ ಹಾಸೂ ಅಲ್ಲಿಯೇ ಬರಬೇಕಲ್ಲ.

ಕೇಳುತ್ತ ಕೇಳುತ್ತ ನನ್ನ ತಲೆಯಲ್ಲಿ ಏನೋ ತಟ್ಟಿತು. ಕಂಪ್ಯೂಟರಿಗೂ ಓಣಿ ಇದೆ. ಅದಕ್ಕೆ ಸ್ವಾಪ್ ಎನ್ನುತ್ತಾರೆ. ಮೆಮೊರಿ ತುಂಬಿದಾಗ ಸದ್ಯಕ್ಕೆ ಬೇಡದ್ದನ್ನು ಹಾರ್ಡ್‌ಡಿಸ್ಕಿನಲ್ಲಿ ಇಟ್ಟು, ಬೇಕಾದಾಗ ಒಳಗೆ ತಂದುಕೊಳ್ಳುವ ಜಾಗ. ನನ್ನ ಯಂತ್ರದಲ್ಲಿ ಅದು ಇತ್ತು ಕೂಡ. ನಿಧಾನ ಮಾಡುತ್ತದೆ ಎಂದು ಯಾರದೋ ಮಾತು ಕೇಳಿ ಕೆಲವು ತಿಂಗಳ ಹಿಂದೆ ನಾನೇ ಕೈಯಾರೆ ತೆಗೆದುಹಾಕಿದ್ದೆ. ಕಾಕು ಮುಂದೆ ಇದನ್ನು ಒಪ್ಪಿಕೊಂಡಾಗ ಅವರು ನಕ್ಕ ನಗೆಗೆ ಅಡುಗೆಮನೆಯಲ್ಲಿದ್ದ ನಮ್ಮ ಅತ್ತೆ ಗೋಡೆಯಾಚೆಯಿಂದ ಏನಾಯಿತು ಎಂದು ಕೇಳಿದರು.

ನಾಲ್ಕು ಜಿಬಿಯಷ್ಟು ಜಾಗ ಹಾರ್ಡ್‌ಡಿಸ್ಕಿನಲ್ಲಿ ಕಟ್ಟಿ, ಇದನ್ನು ಬಳಸಿಕೋ ಎಂದು ಹೇಳಿ, ಕೊನೆಯ ಹೆಜ್ಜೆ ಮತ್ತೆ ಶುರು ಮಾಡಿದೆ. ಆಗ ಬೆಳಿಗ್ಗೆ ಹತ್ತೂವರೆ. ಯಂತ್ರ ಗರಗರ ಎನ್ನಲು ಹತ್ತಿತು. ಮೌಸು ಅಲುಗಾಡಿಸಿದರೆ ಬಾಣದ ಗುರುತು ಸರಿಯುವುದಿಲ್ಲ, ತೆರೆಯ ಮೇಲಿನ ಗಡಿಯಾರದ ನಿಮಿಷ ಬದಲಾಗುವುದಿಲ್ಲ. ಹನ್ನೊಂದಾಯಿತು, ಹನ್ನೊಂದೂವರೆ. ಕೆಟ್ಟು ಕೂತಿದೆ ಎಂದುಕೊಂಡು ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ. ಕಾಕು ನನ್ನ ಮುಂಗೈ ಹಿಡಿದುಕೊಂಡರು.

"ಸಪ್ಪಳ ಕೇಳಸ್ತೈತಿಲ್ಲೋ? ಸಪ್ಪಳ ಇರೂತನಾ ಮಗ್ಗ ನಡದೈತಿ ಅಂತ ತಿಳಕೊ. ಕುಂದ್ರು."

ಕೂತೆ. ಅವರು ಕೈ ಬಿಡಲಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ! ಹಾಗೇ ಹಿಡಿದುಕೊಂಡು ಓಣಿಯ ಕಥೆ ಮುಂದುವರಿಸಿದರು. ಒಮ್ಮೆ ಯಾರದೋ ಎಮ್ಮೆ ಹಾಸಿನೊಳಗೆ ಕೊಂಬು ತೂರಿಸಿ ಓಡಿತ್ತಂತೆ, ಇವರು ಹೊಸ ಮದುಮಗಳು, ನೂಲು ಹರಿಯಬಾರದೆಂದು ಎಮ್ಮೆಯ ಜೊತೆಜೊತೆಗೇ ಬಾವಿಯವರೆಗೆ ಓಡಿದ್ದರಂತೆ. ತಲೆಯ ಮೇಲಿನ ಸೆರಗು ಎಲ್ಲಿ ಬಿತ್ತೋ ಗೊತ್ತಿಲ್ಲ, ಮಾವನವರು ಬಯ್ಯುವ ಬದಲು ನೂಲು ಉಳಿಸಿದಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರಂತೆ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಸುಖವಾಗಿ ನಾನು ಯಾವ ಯಂತ್ರದ ಮುಂದೆಯೂ ಕಾದದ್ದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಸಪ್ಪಳ ತಾನಾಗಿ ನಿಂತಿತು. ತೆರೆಯ ಮೇಲೆ ನೂರಕ್ಕೆ ನೂರು.

ಫೈಲು ಮಾಡುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಕಾಕು ಪೆನ್‌ಡ್ರೈವು ಮಗ್ಗಕ್ಕೆ ಚುಚ್ಚಿದರು, ಹೆಬ್ಬೆರಳಿನಿಂದ ಹಾಸಿನ ಎಳೆಗಳನ್ನು ಒಮ್ಮೆ ಸವರಿದರು, ಚಾಲೂ ಮಾಡಿದರು. ಮೊದಲು ತೆನೆಯ ಕಡ್ಡಿ ಬಂತು, ಆಮೇಲೆ ಕಾಳು, ಆಮೇಲೆ ಒಂದು ಕೊಕ್ಕು. ಕಾಕು ಮಗ್ಗದ ಮೇಲೆ ಬಗ್ಗಿ ನಿಂತಿದ್ದರು. ನಾಲ್ಕನೆಯ ಗುಬ್ಬಿ ಬರುವಷ್ಟರಲ್ಲಿ ನಾನು ಕಾಗದವನ್ನು ಪಕ್ಕಕ್ಕೆ ಹಿಡಿದು ನೋಡಿದೆ. ಕಾಗದದಲ್ಲಿ ಗುಬ್ಬಿಗಳು ಎಡಕ್ಕೆ ನೋಡುತ್ತಿದ್ದವು, ಇಲ್ಲಿ ಎಲ್ಲವೂ ಬಲಕ್ಕೆ. ಫೈಲು ಮಾಡುವಾಗ ಎಲ್ಲೋ ಚಿತ್ರ ತಿರುಗಿಸಿದ್ದೆ. ನಿಲ್ಲಿಸಿರಿ, ತಪ್ಪಾಗಿದೆ ಎಂದು ಕೂಗಿದೆ. ಅವರು ನಿಲ್ಲಿಸಲಿಲ್ಲ. ನೀ ಮಾಡಿದ್ದಲ್ಲೇನ, ಅದಕ್ಕೇ ನಿನ್ನ ತವರಿನ ಬೀಳಗಿ ಕಡೆ ಮುಖ ಮಾಡ್ಯಾವ, ಇರಲಿ ಬಿಡು ಎಂದರು.

ಸೋಮವಾರ ಟೆಂಪೊ ಬಂದಾಗ ಕಾಕು ಬಾಗಿಲಲ್ಲಿ ಆ ಸೀರೆ ಉಟ್ಟು ನಿಂತಿದ್ದರು. ಮಗ್ಗ ಬಿಚ್ಚಲು ಬಂದವರಲ್ಲಿ ಒಬ್ಬ, ಯಾವ ಪೇಟೆಯದು ಸೀರೆ ಎಂದು ಕೇಳಿದ. ಅವರು ಸೆರಗನ್ನು ಮುಂದಕ್ಕೆ ಎಳೆದುಕೊಂಡು ಅಂಗಡಿಯ ಬೊಂಬೆಯ ಹಾಗೆ ನಿಂತರು. ಮಗ್ಗಗಳು ಹೋದ ಮೇಲೆ ಮನೆಯಲ್ಲಿ ಮೌನ. ನಾನು ಅಳುತ್ತಾರೇನೋ ಎಂದು ಹೋದರೆ, ಖಾಲಿ ಖೋಲಿಯ ನಡುವೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಕಿವಿಗೆ ರಜೆ ಸಿಕ್ಕಿತು ಎಂದರು, ಎಂದಿನ ಜೋರು ದನಿಯಲ್ಲೇ.

ಆ ಸೀರೆಯನ್ನು ಅವರು ಟ್ರಂಕಿನಲ್ಲಿ ಇಡಲಿಲ್ಲ. ಹಿಟ್ಟಿನ ಗಿರಣಿಗೆ ಅದೇ, ತೇರದಾಳದ ಬಸ್ಸಿಗೆ ಅದೇ, ಮುಧೋಳದ ಮಗಳ ಮನೆಗೆ ಅದೇ. ಬಣ್ಣ ಮಾಸಿತು, ಗುಬ್ಬಿಗಳು ತೆನೆಯ ಜೊತೆ ಬೆರೆತು ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುವಂತಾದವು. ನನಗೆ ಹೊಟ್ಟೆ ಉರಿಯುತ್ತಿತ್ತು. ಅಷ್ಟು ಪಾಡುಪಟ್ಟು ಮಾಡಿದ್ದು, ಹಬ್ಬಕ್ಕಾದರೂ ಎತ್ತಿಡಬಾರದೇ ಎಂದು ಒಮ್ಮೆ ಬಾಯಿಬಿಟ್ಟು ಕೇಳಿದೆ.

"ಇಷ್ಟ ವರ್ಷ ಮಡಚಿ ಮಡಚಿ ಮಂದಿಗಿ ಕೊಟ್ಟೇನವಾ. ಇದನ್ನರ ಉಟ್ಟ ಹರೀತೇನಿ."

ಮೂರು ವರ್ಷದ ಹಿಂದೆ, ಚಳಿಗಾಲದ ಒಂದು ಬೆಳಿಗ್ಗೆ ಗೋಡೆಯಾಚೆ ದನಿ ಬರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಕಷ್ಟಪಡಲಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಅದು ನಿಜವೂ ಹೌದು... ಹೆಣ್ಣುಮಕ್ಕಳು ಬಂದರು. ಹಿರಿಯರೊಬ್ಬರು ಕೊನೆಯ ಸಲ ಉಡಿಸಲು ಪೇಟೆಯಿಂದ ಹೊಸ ಸೀರೆ ತರಿಸಿದ್ದರು. ದೊಡ್ಡ ಮಗಳು ಅದನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ನಾನು ಹಿತ್ತಲಿಗೆ ಹೋದೆ. ಗುಬ್ಬಿ ಸೀರೆ ಹಗ್ಗದ ಮೇಲಿತ್ತು. ಹಿಂದಿನ ದಿನ ಉಟ್ಟು, ಸಂಜೆ ತಾವೇ ಒಗೆದು ಹಾಕಿದ್ದರು. ಒಡಲು ಒಣಗಿತ್ತು, ಸೆರಗು ಇನ್ನೂ ಹಸಿ ಇತ್ತು. ಹಾಗೇ ಒಳಗೆ ತಂದೆ. ಉಟ್ಟದ್ದು, ಹಸಿಯದ್ದು, ಬೇಡ ಎಂದರು ಹಿರಿಯರು.

"ಅವ್ವ ತನಗಂತ ನೇದದ್ದು ಇದೊಂದ ಐತ್ರಿ," ಎಂದಳು ಮಗಳು. "ಉಟಗೊಂಡ ಹೋಗ್ಲಿ."

ಕೈಯಲ್ಲಿದ್ದ ಹೊಸ ಸೀರೆಯನ್ನು ಹಿರಿಯರಿಗೆ ತಿರುಗಿ ಕೊಟ್ಟಳು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯವರು, ಮೆಲ್ಲಗೆ ಮಾತಾಡುತ್ತಾರೆ. ಗುಬ್ಬಿಯ ಫೈಲು ನನ್ನ ಹತ್ತಿರ ಹಾಗೇ ಇದೆ. ಹೊಸ ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಮು ಒಂದು ಕ್ಷಣದಲ್ಲಿ ತೆರೆಯುತ್ತದೆ, ಮೆಮೊರಿಯ ಕೊರತೆ ಇಲ್ಲ. ರಬಕವಿಯಲ್ಲಿ ಗುರುತಿನವರ ಮಗ್ಗವಿದೆ, ನಿನಗೂ ಒಂದು ಅಂಥದೇ ನೇಯಿಸಿಕೋ ಎಂದು ನಮ್ಮ ಮನೆಯವರು ಆಗಾಗ ಹೇಳುತ್ತಾರೆ. ಬೇಡ ಎನ್ನುತ್ತೇನೆ. ಹಟಕ್ಕಲ್ಲ, ದುಃಖ ಹೆಚ್ಚಾಗಿಯೂ ಅಲ್ಲ. ಉಡಬೇಕಾದವರು ಐದು ವರ್ಷ ಮನಸಾರೆ ಉಟ್ಟರು, ಅದನ್ನು ಕಣ್ಣಾರೆ ಕಂಡ ಸಂತೋಷ ನನಗಿದೆ. ನನಗೆ ಬೇಕಾಗಿರುವುದು ಸೀರೆಯಲ್ಲ, ಕಾಕು.